ಮಿಸೊ ರಾಮೆನ್‌ಗೆ ಹನಕೆರೆಯಿಂದ ಒಂದು ಬಹಿರಂಗ ಪತ್ರ

ಸಮುದ್ರ ದಾಟಿ, ಯಾರದೋ ಸೂಟ್‌ಕೇಸಿನೊಳಗೆ ಕೂತು, ಮದ್ದೂರು ಮಂಡ್ಯಗಳ ನಡುವಿನ ನಮ್ಮ ಹನಕೆರೆಗೆ ಬಂದಿಳಿದ ಜಪಾನಿನ ಇನ್‌ಸ್ಟಂಟ್ ಮಿಸೊ ರಾಮೆನ್ ಪೊಟ್ಟಣವೇ,

ಊರಿಗೆ ಬಂದವರಿಗೆ ನೀರು ಕೊಟ್ಟು ಕೂರಿಸಿ ಯೋಗಕ್ಷೇಮ ಕೇಳುವುದು ನಮ್ಮ ಕಡೆಯ ಪದ್ಧತಿ. ನಿನಗೆ ನೀರನ್ನೇನೋ ಕೊಟ್ಟೆವು, ಅದೂ ಕುದಿಯುವ ಅರ್ಧ ಲೀಟರು. ಯೋಗಕ್ಷೇಮ ಮಾತ್ರ ಯಾರೂ ಕೇಳಲಿಲ್ಲ. ಹುಡುಗರು ನಿನ್ನ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದರು. ಹಿರಿಯರು ಬಟ್ಟಲೊಳಗೆ ಇಣುಕಿ, ‘ಏನ್ಲಾ ಇದು, ಹುಳ ಇದ್ದಂಗದೆ’ ಅಂದು ಎದ್ದು ಹೋದರು. ಬೆರಗಾದವರೂ ನಿನ್ನನ್ನು ಸರಿಯಾಗಿ ಸವಿಯಲಿಲ್ಲ, ಮೂಗು ಮುರಿದವರೂ ಸವಿಯಲಿಲ್ಲ. ಊಟವೊಂದಕ್ಕೆ ಆಗಬಹುದಾದ ದೊಡ್ಡ ಅನ್ಯಾಯ ಅದು. ನಾನು ಸಾವಧಾನವಾಗಿ ಉಂಡೆ. ಎರಡು ಮೂರು ಬಗೆಯ ಪೊಟ್ಟಣಗಳನ್ನು ಬೇರೆ ಬೇರೆ ದಿನ, ಹಸಿದ ಹೊಟ್ಟೆಯಲ್ಲಿ, ಮನೆಯವರನ್ನೂ ಕೂರಿಸಿಕೊಂಡು ಉಂಡೆ. ನಿನ್ನ ವಿಷಯದಲ್ಲಿ ನನಗೆ ಅನ್ನಿಸಿದ್ದನ್ನು ನಾಲ್ಕು ಜನ ಕೇಳುವಂತೆ ಹೇಳಬೇಕೆಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನೀನು ಇಲ್ಲಿಗೆ ಬಂದ ದಾರಿ ಆಶ್ಚರ್ಯದ್ದಲ್ಲ. ಬಿಡದಿಯಲ್ಲಿ ಟೊಯೋಟ ಕಾರ್ಖಾನೆ ಕಾರು ತಯಾರಿಸಲು ತೊಡಗಿದ್ದು 1999ರಲ್ಲಿ. ಅಂದಿನಿಂದ ಜಪಾನಿನ ಎಂಜಿನಿಯರುಗಳು, ಅವರ ಸಂಸಾರಗಳು ಬೆಂಗಳೂರಿನಲ್ಲಿ ನೆಲೆಯಾದವು. ಅವರ ಅಡುಗೆ ಸಾಮಾನಿನ ಅಂಗಡಿಗಳು ಬಂದವು. ನಮ್ಮ ಸೀಮೆಯ ಹುಡುಗರು ಬಿಡದಿಗೆ ಕೆಲಸಕ್ಕೆ ಹೋಗುತ್ತಾರೆ, ಕೆಲವರು ತರಬೇತಿಗೆಂದು ಜಪಾನಿಗೇ ಹೋಗಿ ಬರುತ್ತಾರೆ. ಬೆಂಗಳೂರು–ಮೈಸೂರು ರೈಲು ದಾರಿಯಲ್ಲಿ ಬಿಡದಿಯೂ ಇದೆ, ಹನಕೆರೆಯೂ ಇದೆ. ದಶಪಥ ಹೆದ್ದಾರಿಯನ್ನು ಪ್ರಧಾನಿ ಉದ್ಘಾಟಿಸಿದ್ದು 2023ರ ಮಾರ್ಚ್ 12ರಂದು, ನಮ್ಮ ಪಕ್ಕದ ಗೆಜ್ಜಲಗೆರೆಯಲ್ಲಿ. ಇಷ್ಟೆಲ್ಲ ದಾರಿಗಳು ಕೂಡುವ ಜಾಗಕ್ಕೆ ನೀನು ಬಾರದೇ ಇದ್ದರೇ ಆಶ್ಚರ್ಯಪಡಬೇಕಿತ್ತು.

ನಿನ್ನ ಬಳಗವಂತೂ ನಮಗೆ ಹಳಬರು. 1983ರಲ್ಲಿ ದೇಶಕ್ಕೆ ಬಂದ ಮ್ಯಾಗಿ, ನಮ್ಮ ಮೈಸೂರು ಜಿಲ್ಲೆಯ ನಂಜನಗೂಡಿನ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ನಿನ್ನ ಖಾಸಾ ದಾಯಾದಿ ಟಾಪ್ ರಾಮೆನ್ ಬೆಂಗಳೂರಿನ ಆಚೆಯ ಜಿಗಣಿಯಲ್ಲಿ ಇಂಡೊ ನಿಸ್ಸಿನ್ ಕಂಪನಿ ಮಾಡಿದ್ದು. ಶಾಲೆಯಿಂದ ಬಂದ ಮಕ್ಕಳಿಗೆ ಸಂಜೆ ನೂಡಲ್ಸ್ ಬೇಯಿಸದ ಮನೆ ಈಗ ಹನಕೆರೆಯಲ್ಲೂ ಕಡಿಮೆ. ಆದರೆ ಅವರೆಲ್ಲ ನಮ್ಮ ಮಸಾಲೆಗೆ ಒಗ್ಗಿಕೊಂಡವರು. ಅರಿಸಿನ, ಧನಿಯ, ಗರಂ ಮಸಾಲೆ ಹಾಕಿಕೊಂಡು ಮನೆಯ ಮಕ್ಕಳಾದವರು. ನೀನು ಹಾಗೆ ಒಗ್ಗಿಕೊಂಡು ಬಂದಿಲ್ಲ. ನಿನ್ನ ಊರಿನ ರುಚಿಯನ್ನೇ ಹೊತ್ತು ಬಂದಿದ್ದೀಯ. ನಿನ್ನ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಂದ.

ನಿನ್ನ ಜಾತಕವನ್ನೂ ತಿಳಿದುಕೊಂಡೆ. ಒಸಾಕಾ ಪಕ್ಕದ ಇಕೆಡಾ ಊರಿನ ಹಿತ್ತಲ ಶೆಡ್ಡಿನಲ್ಲಿ ಮೊಮೊಫುಕು ಆಂಡೊ ಎಂಬಾತ ಎಳೆಗಳನ್ನು ಕೆಡದಂತೆ ಒಣಗಿಸುವುದು ಹೇಗೆಂದು ತಿಣುಕಾಡುತ್ತಿದ್ದಾಗ, ಹೆಂಡತಿ ಬಾಣಲೆಯಲ್ಲಿ ಟೆಂಪುರ ಕರಿಯುವುದನ್ನು ಕಂಡು ದಾರಿ ಹೊಳೆಯಿತಂತೆ. ಬಿಸಿ ಎಣ್ಣೆಗೆ ಬಿದ್ದ ಎಳೆಯೊಳಗಿನ ನೀರು ಆವಿಯಾಗಿ ಹಾರುತ್ತದೆ, ಅದು ಬಿಟ್ಟುಹೋದ ಸಣ್ಣ ಸಣ್ಣ ತೂತುಗಳು ಹಾಗೇ ಉಳಿಯುತ್ತವೆ, ಮತ್ತೆ ಬಿಸಿನೀರು ಹುಯ್ದರೆ ನೀರು ಆ ತೂತುಗಳಿಂದಲೇ ಒಳಗೆ ನುಗ್ಗಿ ಎಳೆ ಮೆತ್ತಗಾಗುತ್ತದೆ. 1958ರ ಆಗಸ್ಟ್ 25ರಂದು ಆತನ ಚಿಕನ್ ರಾಮೆನ್ ಮಾರುಕಟ್ಟೆಗೆ ಬಂತು. ಸೋಯಾ ಕಾಳು ಹುದುಗಿಸಿ ಮಾಡುವ ಮಿಸೊ ಹಾಕಿದ ರಾಮೆನ್ ಹುಟ್ಟಿದ್ದು ಅದಕ್ಕಿಂತ ತುಸು ಮೊದಲು, ಹಿಮ ಸುರಿಯುವ ಸಪ್ಪೊರೊ ನಗರದ ‘ಅಜಿ ನೊ ಸಾನ್ಪೆ’ ಎಂಬ ಹೋಟೆಲಿನಲ್ಲಿ, ಮೊರಿಟೊ ಒಮಿಯ ಎಂಬ ಬಾಣಸಿಗನ ಕೈಯಲ್ಲಿ. ಈ ಎರಡು ಕವಲು ಕೂಡಿ 1968ರಲ್ಲಿ ಸಾನ್ಯೊ ಫುಡ್ಸ್‌ನವರ ಸಪ್ಪೊರೊ ಇಚಿಬಾನ್ ಮಿಸೊ ರಾಮೆನ್ ಹೊರಬಂತು. ಅಂದಿನಿಂದ ಇಂದಿನವರೆಗೆ ಜಪಾನಿನ ಅಂಗಡಿಗಳಲ್ಲಿ ಅದಕ್ಕೆ ಜಾಗ ತಪ್ಪಿಲ್ಲ.

ಇದನ್ನು ಓದುವಾಗ ನನಗೆ ಮದ್ದೂರು ರೈಲು ನಿಲ್ದಾಣ ಕಣ್ಣಮುಂದೆ ಬಂತು. ಕುಂದಾಪುರದ ಕಡೆಯಿಂದ ಬಂದ ರಾಮಚಂದ್ರ ಬುಧ್ಯ 1917ರಲ್ಲಿ ಅಲ್ಲಿ ಪಕೋಡ ಮಾರುತ್ತಿದ್ದರು. ಒಂದು ದಿನ ರೈಲು ಬೇಗ ಬಂದುಬಿಟ್ಟಿತು, ಪಕೋಡ ಉಂಡೆ ಕಟ್ಟಿ ಕರಿಯಲು ಪುರುಸೊತ್ತಿಲ್ಲ, ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು, ಮದ್ದೂರು ವಡೆ ಹುಟ್ಟಿತು ಎಂದು ನಮ್ಮ ಕಡೆ ಹೇಳುತ್ತಾರೆ. ತೆಳ್ಳಗೆ ತಟ್ಟಿದ್ದರಿಂದ ಬೇಗ ಬೆಂದಿತು, ನೀರಿನಂಶ ಹೋದದ್ದರಿಂದ ಕೈಲಿ ಹಿಡಿದು ಊರು ಮುಟ್ಟುವವರೆಗೂ ಕೆಡಲಿಲ್ಲ. ಅವಸರದವರ ಹೊಟ್ಟೆ ತುಂಬಿಸಲು ಕಾದ ಎಣ್ಣೆಯನ್ನು ನಂಬಿದ ಇಬ್ಬರು, ಒಬ್ಬ ಮದ್ದೂರಿನಲ್ಲಿ, ಇನ್ನೊಬ್ಬ ಇಕೆಡಾದಲ್ಲಿ. ಅವಸರದ ಊಟವೆಂದರೆ ಕಳಪೆ ಊಟ ಎಂದು ಯಾರಾದರೂ ಅಂದರೆ ನಾವು ಮಂಡ್ಯದವರು ಒಪ್ಪಬಾರದು.

ಇನ್ನು ನಿನ್ನ ರುಚಿಯ ಮಾತಿಗೆ ಬರುತ್ತೇನೆ.

ಮೊದಲ ಸಲ ನಿನ್ನ ಮೇಲೆ ಏನನ್ನೂ ಹೇರಲಿಲ್ಲ. ಈರುಳ್ಳಿ ಇಲ್ಲ, ಮೊಟ್ಟೆ ಇಲ್ಲ, ಕೊತ್ತಂಬರಿ ಸೊಪ್ಪಿಲ್ಲ. ಅಳೆದ ನೀರು ಕುದಿಸಿ, ಎಳೆ ಹಾಕಿ ಮೂರು ನಿಮಿಷ ಬಿಟ್ಟು, ಒಲೆ ಆರಿಸಿ, ಆಮೇಲೆ ಪುಡಿ ಕದಡಿದೆ. ಪುಡಿಯನ್ನು ಕೊನೆಗೆ ಹಾಕಬೇಕೆನ್ನುವುದಕ್ಕೆ ಕಾರಣವಿದೆ. ಮಿಸೊ ಕುದಿದರೆ ಅದರ ಘಮ ಆವಿಯ ಜೊತೆ ಹೋಗುತ್ತದೆ. ನಮ್ಮಲ್ಲಿ ಬಹಳಷ್ಟು ಮಂದಿ ನೀರು, ಪುಡಿ, ಎಳೆ ಮೂರನ್ನೂ ಒಟ್ಟಿಗೇ ಸುರಿದು ಕೊತಕೊತ ಕುದಿಸಿ, ನೀರು ಇಂಗಿಸಿ, ಗೊಜ್ಜಿನ ಹದಕ್ಕೆ ತಂದು ‘ಸುಮಾರಾಗದೆ’ ಅನ್ನುತ್ತಾರೆ. ನೀನು ಸಾರು ಇರಬೇಕಾದ ಊಟ. ನೀರು ಇಂಗಿಸಿದರೆ ನಿನ್ನ ಉಪ್ಪು ಮಾತ್ರ ಕೈಗೆ ಸಿಗುತ್ತದೆ.

ಚಮಚದಲ್ಲಿ ಮೊದಲು ಸಾರನ್ನಷ್ಟೇ ಕುಡಿದೆ. ಬಣ್ಣ ಮಣ್ಣುಗೆಂಪು, ಮೇಲೆ ಸಣ್ಣ ಎಣ್ಣೆಯ ಕಣ್ಣುಗಳು. ನಾಲಿಗೆಯ ತುದಿಗೆ ಮೊದಲು ಒಂದು ಸಿಹಿ, ಹಿಂದೆಯೇ ಬೆಳ್ಳುಳ್ಳಿ, ಶುಂಠಿ, ಆಮೇಲೆ ನಾಲಿಗೆಯ ಅಡಿಗೂ ಕೆನ್ನೆಯ ಒಳಕ್ಕೂ ಹಬ್ಬುವ ಒಂದು ತುಂಬಿದ ರುಚಿ. ನುಂಗಿದ ಮೇಲೂ ಅದು ಬಾಯಲ್ಲೇ ನಿಲ್ಲುತ್ತದೆ. ನಾಟಿ ಕೋಳಿ ಸಾರು ಉಂಡವರಿಗೆ, ಮಳೆಗಾಲದ ಅಣಬೆ ಸಾರು ಉಂಡವರಿಗೆ ಈ ರುಚಿಯ ಪರಿಚಯ ಇದೆ. 1908ರಲ್ಲಿ ಟೋಕಿಯೊದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ ಇದಕ್ಕೆ ಉಮಾಮಿ ಎಂದು ಹೆಸರಿಟ್ಟರು. ಮರುವರ್ಷವೇ ಅದು ಎಂಎಸ್‌ಜಿ ಎಂಬ ಲವಣವಾಗಿ, ಅಜಿನೊಮೊಟೊ ಹೆಸರಿನಲ್ಲಿ ಬಾಟಲಿಗೆ ಬಂತು.

ಅಜಿನೊಮೊಟೊ ಅಂದ ಕೂಡಲೇ ನಮ್ಮ ಕಡೆ ಹುಬ್ಬು ಗಂಟಾಗುತ್ತದೆ. 2015ರ ಜೂನ್‌ನಲ್ಲಿ ಸೀಸ ಮತ್ತು ಎಂಎಸ್‌ಜಿ ತಗಾದೆಯಲ್ಲಿ ಮ್ಯಾಗಿ ನಿಷೇಧವಾದದ್ದು, ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧ ರದ್ದುಮಾಡಿ ಮರುಪರೀಕ್ಷೆಗೆ ಹೇಳಿದ್ದು, ಪರೀಕ್ಷೆ ಪಾಸಾಗಿ ನವೆಂಬರ್‌ನಲ್ಲಿ ಅದು ಅಂಗಡಿಗೆ ಮರಳಿದ್ದು ಎಲ್ಲರಿಗೂ ನೆನಪಿದೆ. ಆ ಗಲಾಟೆಯಲ್ಲಿ ಜನರ ತಲೆಯಲ್ಲಿ ಸೀಸವೂ ಎಂಎಸ್‌ಜಿಯೂ ಒಂದೇ ಆಗಿಬಿಟ್ಟವು. ಸೀಸ ವಿಷ. ಗ್ಲುಟಮೇಟು ಟೊಮೆಟೊದಲ್ಲಿದೆ, ಅಣಬೆಯಲ್ಲಿದೆ, ತಾಯಿಯ ಹಾಲಿನಲ್ಲಿದೆ. ಇನ್ನೊಂದು ವಿಷಯ ನಮ್ಮ ಕಬ್ಬಿನ ಸೀಮೆಯವರು ತಿಳಿಯಲೇಬೇಕು: 1956ರಲ್ಲಿ ಜಪಾನಿನಲ್ಲೇ ಪತ್ತೆಯಾದ ಒಂದು ಬ್ಯಾಕ್ಟೀರಿಯದ ನೆರವಿನಿಂದ, ಇವತ್ತು ಜಗತ್ತಿನ ಎಂಎಸ್‌ಜಿಯಲ್ಲಿ ಬಹುಪಾಲನ್ನು ಕಬ್ಬಿನ ಕಾಕಂಬಿಯನ್ನೋ ಪಿಷ್ಟವನ್ನೋ ಹುದುಗಿಸಿಯೇ ತಯಾರಿಸುತ್ತಾರೆ. 1933ರಿಂದ ಮಂಡ್ಯದ ಮೈಷುಗರ್ ಕಾರ್ಖಾನೆಯ ಚಿಮಣಿ ನೋಡುತ್ತ ಬೆಳೆದ ಜಿಲ್ಲೆಗೆ ಕಾಕಂಬಿ ಅಂದರೆ ಸಾರಾಯಿಯ ಮೂಲ ಎಂದಷ್ಟೇ ಗೊತ್ತು. ಅದೇ ಕಾಕಂಬಿಯಿಂದ ಕೋಳಿ ಸಾರಿನ ತುಂಬುರುಚಿಯೂ ಹುಟ್ಟುತ್ತದೆ ಎನ್ನುವುದು ನಮ್ಮ ರೈತರಿಗೆ ಗೊತ್ತಾಗಬೇಕಾದ ಸುದ್ದಿ.

ಎಳೆಯ ವಿಷಯದಲ್ಲಿ ನಿನ್ನನ್ನು ಮೆಚ್ಚಿದೆ. ಮೈದಾ ಹಿಟ್ಟಿಗೆ ಕಾನ್‌ಸುಯಿ ಎಂಬ ಕ್ಷಾರದ ನೀರು ಸೇರಿಸಿ ನಾದುವುದರಿಂದ ಎಳೆಗೆ ಹಳದಿ ಛಾಯೆಯೂ, ಹಲ್ಲಿಗೆ ಸಿಕ್ಕರೆ ಪುಟಿಯುವ ಗುಣವೂ ಬರುತ್ತದೆ. ಐದು ನಿಮಿಷ ಬಟ್ಟಲಲ್ಲೇ ಬಿಟ್ಟು ನೋಡಿದೆ. ಕರಿದ ಎಳೆ ಊದಿಕೊಂಡಿತು, ಆದರೂ ಅಂಟಾಗಲಿಲ್ಲ. ಕರಿಯದೆ ಬಿಸಿಗಾಳಿಯಲ್ಲಿ ಒಣಗಿಸಿದ ಎಳೆಯ ಇನ್ನೊಂದು ಪೊಟ್ಟಣ ಅದಕ್ಕಿಂತ ಒಂದು ಕೈ ಮೇಲು: ಎಣ್ಣೆಯ ವಾಸನೆ ಇಲ್ಲ, ಗೋಧಿಯ ರುಚಿಯೇ ಮುಂದೆ ಬರುತ್ತದೆ. ನಮ್ಮ ಒತ್ತು ಶ್ಯಾವಿಗೆಯೂ ಎಳೆಯೇ. ಅಕ್ಕಿ ಹಿಟ್ಟು ಬೇಯಿಸಿ, ಉಂಡೆ ಕಟ್ಟಿ, ಶ್ಯಾವಿಗೆ ಒರಳಿಗೆ ಇಟ್ಟು, ಇಬ್ಬರು ಜೋತುಬಿದ್ದು ಒತ್ತಿ ತೆಗೆಯಬೇಕು. ಕಾಯಿಹಾಲಿನೊಡನೆ ಚೆಂದ, ಕೋಳಿ ಸಾರಿನೊಡನೆ ಇನ್ನೂ ಚೆಂದ. ಆದರೆ ಅದು ಸಾರಿನಲ್ಲಿ ಹೆಚ್ಚು ಹೊತ್ತು ನಿಲ್ಲದು, ನೆನೆದು ಮುರಿಯುತ್ತದೆ. ಅಕ್ಕಿಯಲ್ಲಿ ಗೋಧಿಯ ಜಿಗುಟು ಇಲ್ಲ. ಸಾರಿನೊಳಗೆ ನಿಂತು ತಾಳುವ ಶಕ್ತಿಯಲ್ಲಿ ನಿನಗೇ ಗೆಲುವು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದನ್ನು ಹೇಳುತ್ತೇನೆ.

ರಾಮೆನ್ ಅಂಗಡಿಯಲ್ಲಿ ಸಾರು ಒಂದು ಕಡೆ, ರುಚಿಯ ಮೂಲದ್ರವ್ಯ ಒಂದು ಕಡೆ. ಎಲುಬು, ತರಕಾರಿ ಬೇಯಿಸಿ ಬಸಿದ ಸಾರಿಗೆ ಬಹುತೇಕ ಉಪ್ಪೇ ಇರುವುದಿಲ್ಲ. ಮಿಸೊ, ಬೆಳ್ಳುಳ್ಳಿ, ಎಣ್ಣೆ ಕೂಡಿಸಿ ಅರೆದ ಗಟ್ಟಿ ಮಸಾಲೆಯನ್ನು ತಾರೆ ಎನ್ನುತ್ತಾರೆ. ಬಟ್ಟಲ ತಳಕ್ಕೆ ತಾರೆ ಹಾಕಿ, ಮೇಲೆ ಬಿಸಿ ಸಾರು ಹುಯ್ದು ಕದಡಿದಾಗಲೇ ರಾಮೆನ್ ರುಚಿಗೊಳ್ಳುವುದು. ಇದನ್ನು ತಿಳಿದ ಗಳಿಗೆಯಲ್ಲಿ ನನಗೆ ಉಪ್ಸಾರು ನೆನಪಾಯಿತು. ನೀನು ಬೇರೆ ಜಿಲ್ಲೆಗೆ ಹೋಗಿದ್ದರೆ ಯಾರೂ ನಿನಗೆ ಇದನ್ನು ಹೇಳುತ್ತಿರಲಿಲ್ಲವೇನೋ. ತೊಗರಿಬೇಳೆಯೋ ಹುರುಳಿಯೋ ಅಲಸಂದೆಯೋ ತೆಗೆದುಕೊಂಡು, ದಂಟೋ ಕೀರೆಯೋ ಬೆರಕೆ ಸೊಪ್ಪೋ ಸೇರಿಸಿ, ಉಪ್ಪು ಹಾಕಿ ಬೇಯಿಸಿ, ಬಸಿದ ನೀರೇ ಉಪ್ಸಾರು. ಅದರಲ್ಲಿ ಕಾಳಿನ ಸಾರ ಇದೆ, ಸೊಪ್ಪಿನ ಸಾರ ಇದೆ, ಖಾರ ಮಾತ್ರ ಇಲ್ಲ. ಖಾರ ಬೇರೆ ಬಟ್ಟಲಲ್ಲಿ: ಮೆಣಸಿನಕಾಯಿ ಸುಟ್ಟೋ ಹುರಿದೋ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು, ಉಪ್ಪು ಇಟ್ಟು ಒರಳುಕಲ್ಲಲ್ಲಿ ನುಣ್ಣಗೆ ಅರೆದದ್ದು. ತಟ್ಟೆಯ ಅಂಚಿಗೆ ಒಂದು ಗೋಲಿಯಷ್ಟು ಖಾರ ಇಟ್ಟುಕೊಂಡು, ಸಾರಿಗೆ ಕದಡಿಕೊಳ್ಳುತ್ತ, ಮುದ್ದೆ ಅದ್ದಿ ನುಂಗುತ್ತಾರೆ. ಮಗುವಿಗೆ ಕಡಿಮೆ, ಗದ್ದೆಯಿಂದ ಬಂದವನಿಗೆ ಹೆಚ್ಚು. ಒಂದೇ ಮಡಕೆಯ ಸಾರು, ಉಣ್ಣುವವರಷ್ಟು ರುಚಿ.

ಹಾಗಾಗಿ ಹನಕೆರೆಯ ನಾಲಿಗೆಗೆ ನೀನು ಪರಕೀಯನಲ್ಲ. ಸಾರನ್ನೂ ಅರೆದ ಮಸಾಲೆಯನ್ನೂ ಬೇರೆಯಿಟ್ಟು ಉಣ್ಣುವಾಗ ಕೂಡಿಸುವ ಒಂದೇ ಯೋಚನೆ, ಒಬ್ಬರನ್ನೊಬ್ಬರು ಕಾಣದ ಎರಡು ಸೀಮೆಗಳಲ್ಲಿ ಬೆಳೆದಿದೆ. ನೀವು ಕಾಳನ್ನು ಹುದುಗಿಸಿದಿರಿ: ಸೋಯಾ ಬೇಯಿಸಿ, ಉಪ್ಪು ಬೆರೆಸಿ, ಅಕ್ಕಿಯ ಮೇಲೆ ಬೆಳೆಸಿದ ಕೋಜಿ ಎಂಬ ಬೂಷ್ಟನ್ನು ಸೇರಿಸಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಚ್ಚಿಟ್ಟಿರಿ. ನಮ್ಮ ದೇಶದಲ್ಲೂ ನಾಗಾಲ್ಯಾಂಡಿನವರು ಅಖುನಿ, ಸಿಕ್ಕಿಮಿನವರು ಕಿನೆಮ ಎಂದು ಸೋಯಾ ಹುದುಗಿಸುತ್ತಾರೆ. ಮಂಡ್ಯದವರು ಆ ದಾರಿ ಹಿಡಿಯಲಿಲ್ಲ. ಹುರುಳಿ ಕಟ್ಟನ್ನು ದಿನದಿನವೂ ಕಾಯಿಸಿ ಬತ್ತಿಸಿ ರುಚಿ ಏರಿಸಿದರು.

ಈ ಬಾಂಧವ್ಯ ಕಂಡ ಮೇಲೆ ನಿನ್ನ ಕೊರತೆಯನ್ನೂ ಹೇಳುವ ಹಕ್ಕು ನನಗಿದೆ.

ನಿನ್ನ ಉಪ್ಪು ವಿಪರೀತ. ಸಾರನ್ನು ತಳ ಕಾಣುವವರೆಗೆ ಕುಡಿದರೆ ಐದು ಗ್ರಾಂ ಆಸುಪಾಸಿನ ಉಪ್ಪು ಹೊಟ್ಟೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವುದೇ ಐದು ಗ್ರಾಮಿಗಿಂತ ಕಡಿಮೆ. ಬಿಪಿ ಮಾತ್ರೆ ನುಂಗುವವರು ಮನೆಗೊಬ್ಬರಿರುವ ಕಾಲ ಇದು. ನಮ್ಮತ್ತೆ ಎರಡು ಗುಟುಕು ಕುಡಿದು, ‘ಕಾಳಿನ ಸಾರು ಅಂದೆ, ಕಾಳೆಲ್ಲಿ ಕಣಪ್ಪ? ಉಪ್ಪೇ ಸಿಕ್ತದೆ’ ಅಂದರು. ಅಷ್ಟು ಚಿಕ್ಕ ಮಾತಿನಲ್ಲಿ ನಿನ್ನ ಇಡೀ ಪರೀಕ್ಷೆ ಆಗಿಹೋಯಿತು. ಮಿಸೊ ಎಂದರೆ ಕಾಳು ಹುದುಗಿದ ಘಮ, ತುಸು ಹುಳಿ, ತುಸು ಹೆಂಡದ ವಾಸನೆ, ನಾಲಿಗೆಗೆ ಸಿಕ್ಕುವ ಮರಳು ಮರಳು. ಪುಡಿಯಾಗುವ ಹೊತ್ತಿಗೆ ಅದರ ಘಮದಲ್ಲಿ ಬಹುಪಾಲು ಹೋಗಿರುತ್ತದೆ. ಆ ಜಾಗವನ್ನು ಸಕ್ಕರೆ, ಉಪ್ಪು, ಮಾಂಸದ ಸಾರಸತ್ವ, ಬೆಳ್ಳುಳ್ಳಿ ಪುಡಿ ತುಂಬುತ್ತವೆ. ಪುಡಿಯ ಬದಲು ಗಟ್ಟಿ ಪೇಸ್ಟಿನ ಸ್ಯಾಶೆ ಇದ್ದ ಪೊಟ್ಟಣದಲ್ಲಿ ಕಾಳಿನ ಗುರುತು ಹೆಚ್ಚು ಉಳಿದಿತ್ತು. ಕೊಳ್ಳುವವರು ಇದೊಂದನ್ನು ನೋಡಿಕೊಂಡರೂ ಸಾಕು.

ಇನ್ನೊಂದು, ಮಾಂಸದ ಮಾತು. ನಮ್ಮದು ಬಾಡೂಟದ ಸೀಮೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕೇ ಬೇಕೆಂದು ಕೂಗೆಬ್ಬಿಸಿದವರು ನಾವು. ಆದರೆ ಬಾಡು ತಿನ್ನುವ ಮನೆಯಲ್ಲೂ ವಾರ ಇದೆ, ಶ್ರಾವಣ ಇದೆ. ಕೋಳಿ ತಿನ್ನುವವರೆಲ್ಲ ಹಂದಿ ತಿನ್ನುವುದಿಲ್ಲ. ಸೂಟ್‌ಕೇಸಿನಲ್ಲಿ ಬರುವ ನಿನ್ನ ಮೈಮೇಲೆ ಹಸಿರು ಚುಕ್ಕೆಯೂ ಇಲ್ಲ, ಕಂದು ಗುರುತೂ ಇಲ್ಲ, ಇರುವುದೆಲ್ಲ ಜಪಾನಿ ಲಿಪಿ. ಮಿಸೊ ಕಾಳಿನದು ಎಂದು ನಂಬಿ, ಒಳಗೆ ಹಂದಿ, ಕೋಳಿಯ ಸತ್ವ ಇರಬಹುದೆಂದು ತಿಳಿಯದೆ ಉಣ್ಣುವವರಿದ್ದಾರೆ. ನಿನ್ನನ್ನು ಉಡುಗೊರೆಯಾಗಿ ತರುವವರು ಮೊಬೈಲಿನಲ್ಲಿ ಆ ಲಿಪಿ ಓದಿಸಿ, ಒಳಗೆ ಏನಿದೆಯೆಂದು ಹೇಳಿಯೇ ಕೊಡಬೇಕು. ಉಣ್ಣಿಸುವವರ ಕನಿಷ್ಠ ಮರ್ಯಾದೆ ಅದು.

ಎರಡನೆಯ ಸಲ ನಿನಗೆ ನಮ್ಮ ಮನೆಯದನ್ನು ಸೇರಿಸಿದೆ. ಸಪ್ಪೊರೊದವರು ಮುಸುಕಿನ ಜೋಳದ ಕಾಳು, ಬೆಣ್ಣೆ, ಮೊಳಕೆ ಹಾಕುತ್ತಾರೆ. ನಾನು ಮೊಳಕೆ ಹುರುಳಿ, ಅರ್ಧ ಬೆಂದ ನಾಟಿ ಮೊಟ್ಟೆ ಹಾಕಿದೆ. ಪುಡಿಯನ್ನು ಅರ್ಧಕ್ಕೆ ಇಳಿಸಿ, ಉಳಿದ ಜಾಗಕ್ಕೆ ಹುರುಳಿ ಬಸಿದ ಉಪ್ಸಾರನ್ನೇ ಬಿಸಿ ಮಾಡಿ ಹುಯ್ದೆ. ಅಂಚಿಗೆ ಒಂದು ಗೋಲಿ ಉಪ್ಸಾರಿನ ಖಾರ. ಅದನ್ನು ಕದಡಿದಾಗ ಆದ ಬದಲಾವಣೆ ದೊಡ್ಡದು. ಮಂಡ್ಯದ ನಾಲಿಗೆ ಹುಡುಕುತ್ತಿದ್ದ ಹುಣಸೆಯ ಹುಳಿ ಬಂತು, ಸಿಹಿ ಹಿಂದೆ ಸರಿಯಿತು, ಕಾಳಿನ ರುಚಿ ಮತ್ತೆ ಬಟ್ಟಲಿಗೆ ಮರಳಿತು. ನಿನ್ನೊಡನೆ ಬರುವ ಏಳು ಮಸಾಲೆಯ ಪುಟ್ಟ ಸ್ಯಾಶೆ ಮಾಡಬೇಕಿದ್ದ ಕೆಲಸವನ್ನೇ ನಮ್ಮ ಖಾರ ಇನ್ನೂ ಜೋರಾಗಿ ಮಾಡಿತು. ಅತ್ತೆ ಬಟ್ಟಲು ಕೆಳಗಿಡಲಿಲ್ಲ.

ನಿನ್ನನ್ನು ಉಂಡ ಮೇಲೆ ನನ್ನ ಮನಸ್ಸಿಗೆ ಹತ್ತಿರುವುದು ಇಷ್ಟು. 2023ರಲ್ಲಿ ಜಗತ್ತು ಸುಮಾರು 12,000 ಕೋಟಿ ಊಟದಷ್ಟು ಇನ್‌ಸ್ಟಂಟ್ ನೂಡಲ್ಸ್ ತಿಂದಿತು. ಚೀನಾ, ಇಂಡೋನೇಷ್ಯದ ನಂತರ ಹೆಚ್ಚು ತಿನ್ನುವ ದೇಶ ನಮ್ಮದೇ. ಒಂದು ಸಣ್ಣ ಹೋಟೆಲಿನ ಸಾರನ್ನು ಪೊಟ್ಟಣಕ್ಕಿಳಿಸಿ ಲೋಕವೆಲ್ಲ ತಿರುಗಿಸಿದ ಜನ ನಿನ್ನ ಜನ. ನಮ್ಮ ಉಪ್ಸಾರಿಗೆ ಆ ಪ್ರೀತಿಯನ್ನು ಯಾರು ತೋರಿದ್ದಾರೆ? ತಾಂತ್ರಿಕತೆ ಇಲ್ಲವೆನ್ನುವ ಹಾಗಿಲ್ಲ. ಮೈಸೂರಿನಲ್ಲಿ 1950ರಿಂದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ ಬಂತು. 1984ರಲ್ಲಿ ರಾಕೇಶ್ ಶರ್ಮ ಬಾಹ್ಯಾಕಾಶಕ್ಕೆ ಹೋದಾಗ ಸೂಜಿ ಹಲ್ವ ಕಟ್ಟಿಕೊಟ್ಟದ್ದು ಅದೇ ಸಂಶೋಧನಾಲಯ. ಜಪಾನಿನ ಸೊಯಿಚಿ ನೊಗುಚಿ ಅಂತರಿಕ್ಷದಲ್ಲಿ ರಾಮೆನ್ ಉಂಡದ್ದು 2005ರಲ್ಲಿ. ಅಂದರೆ ಮೈಸೂರಿನ ಬುತ್ತಿ ನಿನಗಿಂತ ಇಪ್ಪತ್ತೊಂದು ವರ್ಷ ಮೊದಲೇ ಆಕಾಶಕ್ಕೆ ಹೋಗಿದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಮುದ್ದೆಗೆ ಬರ ತಪ್ಪಿತು. ಮುದ್ದೆಯ ಜೊತೆಗಿರುವ ಸಾರಿನ ಕಡೆಗೂ ಅಂಥದೊಂದು ಗಮನ ಹರಿಯಬೇಕು. ಹುರುಳಿ ಸಾರು ಒಣಗಿಸಿದ ಒಂದು ಸ್ಯಾಶೆ, ಖಾರದ ಪೇಸ್ಟಿನ ಒಂದು ಸ್ಯಾಶೆ. ಖಾರ ಬೇರೆಯೇ ಇರುವುದರಿಂದ ಉಪ್ಪು ಎಷ್ಟು ಬೇಕೆಂದು ಉಣ್ಣುವವನೇ ತೀರ್ಮಾನಿಸಬಹುದು. ಆ ಒಂದು ವಿಷಯದಲ್ಲಿ ಅದು ನಿನಗಿಂತ ಒಳ್ಳೆಯ ಪೊಟ್ಟಣವಾಗುತ್ತದೆ.

ಹನಕೆರೆಯ ತೀರ್ಪು ಇದು, ಕೇಳು. ಎಳೆಗೆ ಹತ್ತಕ್ಕೆ ಎಂಟು. ಸಾರಿನ ತುಂಬುರುಚಿಗೆ ಏಳು. ಕಾಳಿಗೆ ಮೂರು. ಉಪ್ಪಿಗೆ ಅಂಕ ಕೊಡುವುದಿಲ್ಲ. ವಾರದೂಟಕ್ಕೆ ನೀನು ಬೇಡ. ತಿಂಗಳಿಗೊಮ್ಮೆ, ಅರ್ಧ ಪುಡಿಯೊಡನೆ, ಮೊಳಕೆ ಕಾಳು ಸೇರಿಸಿ, ತಳದ ಸಾರು ಬಿಟ್ಟು ಉಣ್ಣಲು ಧಾರಾಳವಾಗಿ ಬಾ.

ಇದನ್ನು ಓದುತ್ತಿರುವ ಮಂಡ್ಯ, ಮದ್ದೂರು, ಮಳವಳ್ಳಿಯ ಬಂಧುಗಳಲ್ಲಿ ನನ್ನ ಬೇಡಿಕೆ ಒಂದೇ. ನಿಮ್ಮ ಮನೆಯಲ್ಲಿ ಉಪ್ಸಾರಿನ ಖಾರ ಅರೆಯುವ ಹಿರಿಯ ಕೈ ಇನ್ನೂ ಇದ್ದರೆ, ಮೆಣಸಿನಕಾಯಿ ಎಷ್ಟು, ಹುಣಸೆ ಎಷ್ಟು, ಯಾವುದನ್ನು ಸುಡಬೇಕು, ಯಾವುದನ್ನು ಹಸಿಯಾಗಿ ಹಾಕಬೇಕು ಎಂದು ಪಕ್ಕದಲ್ಲಿ ಕೂತು ತೂಕ ಮಾಡಿ ಈ ವಾರವೇ ಬರೆದಿಡಿ.

ಇಂತಿ,
ಹನಕೆರೆಯಿಂದ ನಿನ್ನ ಹಿತೈಷಿ